ಫ್ಲಿಕರ್‌ನ ಕ್ಯಾಮೆರಾ ಫೈಂಡರ್: ಗ್ರಾಫನ್ನು ಎಷ್ಟು ನಂಬಬೇಕು, ಚಿತ್ರಗಳನ್ನು ಹೇಗೆ ನೋಡಬೇಕು

ಹೊಸ ಕ್ಯಾಮೆರಾ ಕೊಳ್ಳಲು ಹೊರಟವರು ಬೆಲೆ ವಿಚಾರಿಸುವುದಕ್ಕೂ ಮೊದಲೇ ಕೇಳುವ ಪ್ರಶ್ನೆಯೊಂದಿದೆ: ಈಗ ಹೆಚ್ಚು ಜನ ಬಳಸುತ್ತಿರುವುದು ಯಾವುದು? ಅಂಗಡಿಯವರು ಇದಕ್ಕೆ ತಮ್ಮಲ್ಲಿ ದಾಸ್ತಾನಿರುವ ಮಾದರಿಯ ಹೆಸರನ್ನು ಹೇಳುತ್ತಾರೆ. ಯೂಟ್ಯೂಬ್‌ನ ವಿಮರ್ಶಕರಲ್ಲಿ ಹಲವರು ಕಂಪನಿಯಿಂದ ಕೆಲವು ದಿನಗಳ ಮಟ್ಟಿಗೆ ಕೈಗೆ ಬಂದಿರುವ ಹೊಚ್ಚ ಹೊಸ ಮಾದರಿಯನ್ನು ತೋರಿಸುತ್ತಾರೆ. ಚಿತ್ರ ಹಂಚಿಕೆಯ ತಾಣವಾದ ಫ್ಲಿಕರ್ ಮಾತ್ರ ಇದೇ ಪ್ರಶ್ನೆಗೆ ಬೇರೊಂದು ದಾರಿಯಿಂದ ಉತ್ತರಿಸುತ್ತದೆ. ಸದಸ್ಯರು ಅಪ್‌ಲೋಡ್ ಮಾಡಿದ ಚಿತ್ರಗಳು ಯಾವ ಯಂತ್ರದಿಂದ ಬಂದವು ಎಂಬುದನ್ನು ಆ ಚಿತ್ರಗಳ ಫೈಲಿನಿಂದಲೇ ಓದಿ, ಬ್ರ್ಯಾಂಡ್‌ವಾರು, ಮಾದರಿವಾರು ಪಟ್ಟಿ ಮಾಡಿ, ಗ್ರಾಫಿನ ಸಮೇತ ಮುಂದಿಡುತ್ತದೆ. 2006ರ ಕೊನೆಯಲ್ಲಿ ಆರಂಭವಾದ ಈ ಸೌಲಭ್ಯದ ಹೆಸರು ಕ್ಯಾಮೆರಾ ಫೈಂಡರ್. ಇದನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ, ಫ್ಲಿಕರ್‌ನಲ್ಲಿ ಖಾತೆ ತೆರೆಯಬೇಕಾಗಿಯೂ ಇಲ್ಲ. ಬಹುಕಾಲದಿಂದ ಇದನ್ನು ಬಳಸುತ್ತ ಬಂದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಪುಟದ ಮೇಲ್ಭಾಗದಲ್ಲಿರುವ ಗ್ರಾಫನ್ನು ನೋಡಿ ಕ್ಯಾಮೆರಾ ಆರಿಸಬಾರದು, ಅದರ ಕೆಳಗಿರುವ ಚಿತ್ರಗಳನ್ನು ನೋಡಿ ಖಂಡಿತ ಆರಿಸಬಹುದು.

ಫ್ಲಿಕರ್ 2004ರ ಫೆಬ್ರವರಿಯಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿತು. ಸ್ಟೀವರ್ಟ್ ಬಟರ್‌ಫೀಲ್ಡ್ ಮತ್ತು ಕ್ಯಾಟರಿನಾ ಫೇಕ್ ಅವರ ಲೂಡಿಕಾರ್ಪ್ ಸಂಸ್ಥೆ ಕಟ್ಟಿದ ಈ ತಾಣವನ್ನು 2005ರಲ್ಲಿ ಯಾಹೂ ಕೊಂಡುಕೊಂಡಿತು. 2018ರಲ್ಲಿ ಅದು ಸ್ಮಗ್‌ಮಗ್ ಎಂಬ ಕುಟುಂಬ ಸಂಸ್ಥೆಯ ಕೈಸೇರಿತು. ಇಷ್ಟು ಕೈ ಬದಲಾದರೂ ಒಂದು ಗುಣ ಉಳಿದುಕೊಂಡಿದೆ: ಚಿತ್ರದ ಜೊತೆಗೆ ಬರುವ ತಾಂತ್ರಿಕ ವಿವರಗಳನ್ನು ಇದು ಬಿಸಾಡುವುದಿಲ್ಲ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಒಳಗೂ ತಯಾರಕರ ಹೆಸರು, ಮಾದರಿಯ ಹೆಸರು, ಶಟರ್ ವೇಗ, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ತೆಗೆದ ದಿನಾಂಕ ಮುಂತಾದವುಗಳನ್ನು ಬರೆದಿಡುತ್ತದೆ. ಜಪಾನಿನ ಉದ್ಯಮ ಸಂಘವೊಂದು 1995ರಲ್ಲಿ ರೂಪಿಸಿದ ಈ ಕ್ರಮಕ್ಕೆ ಎಕ್ಸಿಫ್ ಎಂದು ಹೆಸರು. ನಾವು ದಿನವೂ ಬಳಸುವ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಮಾಮೂಲಿನಂತೆ ಕಳಿಸಿದರೆ ಈ ವಿವರಗಳು ಅಳಿಸಿಹೋಗುತ್ತವೆ. ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ ಅವನ್ನು ನೋಡುಗರಿಗೆ ತೋರಿಸುವುದೇ ಇಲ್ಲ. ಆದ್ದರಿಂದ ಚಿತ್ರ ಹಂಚಿಕೊಳ್ಳುವವರ ಕೈಯಲ್ಲಿ ಯಾವ ಕ್ಯಾಮೆರಾ ಇದೆ ಎಂದು ಹೊರಗಿನವರು ತಿಳಿಯಬೇಕಾದರೆ ನೋಡಲು ಸಿಗುವ ದೊಡ್ಡ ಕಿಟಕಿ ಫ್ಲಿಕರ್ ಒಂದೇ ಎನ್ನಬಹುದು. ವಿಕಿಮೀಡಿಯ ಕಾಮನ್ಸ್ ಕೂಡ ಎಕ್ಸಿಫ್ ವಿವರಗಳನ್ನು ಉಳಿಸಿಕೊಂಡು ಚಿತ್ರದ ಅಡಿಯಲ್ಲೇ ತೋರಿಸುತ್ತದೆ, ಆದರೆ ಅಲ್ಲಿಗೆ ಬರುವುದು ಜ್ಞಾನಕೋಶಕ್ಕೆ ಉಪಯೋಗವಾಗುವ ಚಿತ್ರಗಳು. ಮಗುವಿನ ಹುಟ್ಟುಹಬ್ಬದ ಚಿತ್ರವನ್ನು ಯಾರೂ ಅಲ್ಲಿ ಹಾಕುವುದಿಲ್ಲ.

ಈ ಪಟ್ಟಿ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಇದನ್ನು ಉಲ್ಲೇಖಿಸುವ ಬರಹಗಳಲ್ಲಿ ಬಹುಪಾಲು ಎಡವುವುದು ಇಲ್ಲಿಯೇ. ಫ್ಲಿಕರ್ ಎಣಿಸುವುದು ಮಾರಾಟವಾದ ಕ್ಯಾಮೆರಾಗಳನ್ನಲ್ಲ, ತೆಗೆದ ಚಿತ್ರಗಳನ್ನೂ ಅಲ್ಲ. ಒಂದು ನಿರ್ದಿಷ್ಟ ದಿನ, ಒಂದು ನಿರ್ದಿಷ್ಟ ಮಾದರಿಯಿಂದ ಕನಿಷ್ಠ ಒಂದು ಚಿತ್ರವನ್ನಾದರೂ ಅಪ್‌ಲೋಡ್ ಮಾಡಿದ ಸದಸ್ಯರು ಎಷ್ಟು ಮಂದಿ ಎಂಬುದೇ ಅದರ ಲೆಕ್ಕ. ಸದಸ್ಯರ ಒಟ್ಟು ಸಂಖ್ಯೆ ಹೆಚ್ಚುತ್ತ ಹೋದಂತೆ ಎಲ್ಲ ಗೆರೆಗಳೂ ಮೇಲೇರಬಾರದೆಂದು ಗ್ರಾಫನ್ನು ಸರಿದೂಗಿಸಲಾಗಿರುತ್ತದೆ. ಹಾಗಾಗಿ ಗೆರೆ ಇಳಿದರೆ ಆ ಕ್ಯಾಮೆರಾವನ್ನು ಜನ ಮೂಲೆಗಿಟ್ಟರು ಎಂದರ್ಥವಲ್ಲ, ಇತರ ಕ್ಯಾಮೆರಾಗಳ ಎದುರಿಗೆ ಅದರ ಪಾಲು ಕಡಿಮೆಯಾಯಿತು ಎಂದಷ್ಟೇ ಅರ್ಥ. ಮದುವೆ ಮನೆಯಲ್ಲಿ ಎರಡು ಸಾವಿರ ಚಿತ್ರ ತೆಗೆದು, ಅವುಗಳಲ್ಲಿ ನಲವತ್ತನ್ನು ಆರಿಸಿ, ಬಣ್ಣ ತಿದ್ದಿ, ಭಾನುವಾರ ಒಟ್ಟಿಗೆ ಏರಿಸುವ ವೃತ್ತಿನಿರತ ಛಾಯಾಗ್ರಾಹಕರು ಈ ಲೆಕ್ಕದಲ್ಲಿ ವಾರಕ್ಕೆ ಒಂದು ಬಾರಿ ಎಣಿಕೆಯಾಗುತ್ತಾರೆ. ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಬೆಳಗಿನ ಕಾಫಿಯ ಲೋಟವನ್ನು ದಿನವೂ ಹಂಚಿಕೊಳ್ಳುವವರು ವಾರಕ್ಕೆ ಏಳು ಬಾರಿ ಎಣಿಕೆಯಾಗುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ವಿಧಾನವನ್ನು ಫ್ಲಿಕರ್ ತಾನೇ ಪುಟದಲ್ಲಿ ಬರೆದು ಹೇಳಿತ್ತು. ಕ್ಯಾಮೆರಾ ಯಾವುದೆಂದು ತನಗೆ ಗುರುತು ಸಿಗುವುದು ಸುಮಾರು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಮಾತ್ರ ಎಂದೂ, ಕ್ಯಾಮೆರಾ ಫೋನುಗಳ ಗುರುತು ಸಿಗುವುದು ಕಷ್ಟವಾದ್ದರಿಂದ ಅವು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತವೆ ಎಂದೂ ಅಲ್ಲಿಯೇ ಒಪ್ಪಿಕೊಂಡಿತ್ತು. ತನ್ನ ಅಂಕಿಅಂಶಗಳ ಮಿತಿಯನ್ನು ಇಷ್ಟು ನೇರವಾಗಿ ಹೇಳುವ ತಾಣಗಳು ಅಪರೂಪ.

ಪಟ್ಟಿಯ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದ ಘಟ್ಟ 2011ರದು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಮೊದಲ ಸಾಲಿನಲ್ಲಿ ಕಾಣಿಸುತ್ತಿದ್ದುದು ಕ್ಯಾನನ್‌ನ ಡಿಜಿಟಲ್ ರೆಬೆಲ್ ಸರಣಿ ಮತ್ತು ನಿಕಾನ್‌ನ ಡಿ70, ಡಿ80, ಡಿ40ಗಳಂತಹ ಡಿಎಸ್‌ಎಲ್‌ಆರ್‌ಗಳು, ಅಂದರೆ ಒಳಗೆ ಕನ್ನಡಿಯಿದ್ದು ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾಗಳು. ಕ್ಯಾನನ್ 2003ರಲ್ಲಿ 6 ಮೆಗಾಪಿಕ್ಸೆಲ್‌ನ ಡಿಜಿಟಲ್ ರೆಬೆಲ್ ಅನ್ನು ಅಮೆರಿಕದಲ್ಲಿ ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಬಿಟ್ಟದ್ದು ಹವ್ಯಾಸಿಗಳ ಪಾಲಿಗೆ ಬಾಗಿಲು ತೆರೆದಂತಾಗಿತ್ತು. ಫ್ಲಿಕರ್ ಹುಟ್ಟಿದ್ದು ಅದರ ಮರುವರ್ಷವೇ. ಹೊಸದಾಗಿ ಡಿಎಸ್‌ಎಲ್‌ಆರ್ ಕೊಂಡವರು, ತೆಗೆದ ಚಿತ್ರವನ್ನು ಯಾರಿಗಾದರೂ ತೋರಿಸಲೇಬೇಕೆಂಬ ಉಮೇದಿನಲ್ಲಿದ್ದವರು, ತಾಣವನ್ನು ತುಂಬಿದರು. 2008ರಲ್ಲಿ ಬಂದ ನಿಕಾನ್ ಡಿ90 ಈ ಪೀಳಿಗೆಯ ಮುಂದಾಳು. 12 ಮೆಗಾಪಿಕ್ಸೆಲ್‌ನ ಆ ಕ್ಯಾಮೆರಾ ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಸರು ಗಳಿಸಿತ್ತು, ಬೆಂಗಳೂರಿನ ಹವ್ಯಾಸಿಗಳ ಹೆಗಲಲ್ಲೂ ಧಾರಾಳವಾಗಿ ನೇತಾಡುತ್ತಿತ್ತು. 2010ರ ಜೂನ್‌ನಲ್ಲಿ ಐಫೋನ್ 4 ಬಿಡುಗಡೆಯಾಯಿತು. ಅದರ ಕ್ಯಾಮೆರಾ ಕೇವಲ 5 ಮೆಗಾಪಿಕ್ಸೆಲ್‌ನದು. ಡಿ90ಯಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್‌ನ ವಿಸ್ತೀರ್ಣ ಅದರ ಸೆನ್ಸರ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದರೂ ಒಂದೇ ವರ್ಷದೊಳಗೆ ಐಫೋನ್ 4ರ ಗೆರೆ ಮೇಲೇರುತ್ತ ಬಂದು, 2011ರ ನಡುವಿನ ಹೊತ್ತಿಗೆ ಡಿ90ಯನ್ನು ದಾಟಿ ಮೊದಲ ಸ್ಥಾನಕ್ಕೆ ಹೋಯಿತು.

ಫೋನಿನ ಚಿತ್ರ ಡಿಎಸ್‌ಎಲ್‌ಆರ್ ಚಿತ್ರಕ್ಕಿಂತ ಉತ್ತಮವಾಯಿತು ಎಂದು ಆಗ ಕೆಲವರು ಬರೆದರು. ಅದು ತಪ್ಪು ತೀರ್ಮಾನ. ಡಿ90ಯಲ್ಲಿ ತೆಗೆದ ಚಿತ್ರ ಫ್ಲಿಕರ್ ತಲುಪಬೇಕಾದರೆ ಮೆಮೊರಿ ಕಾರ್ಡನ್ನು ಹೊರತೆಗೆಯಬೇಕು, ಕಂಪ್ಯೂಟರಿಗೆ ಇಳಿಸಬೇಕು, ಆರಿಸಬೇಕು, ಬಳಿಕ ಆ ದಿನಗಳ ಬ್ರಾಡ್‌ಬ್ಯಾಂಡ್ ವೇಗದಲ್ಲಿ ಒಂದೊಂದಾಗಿ ಏರಿಸಬೇಕಿತ್ತು. ಐಫೋನಿನಲ್ಲಿ ಕ್ಯಾಮೆರಾ, ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಸಂಪರ್ಕ ಒಂದೇ ಅಂಗೈಯಲ್ಲಿದ್ದವು. ಪಟ್ಟಿ ಅಳೆಯುವುದು ದಿನನಿತ್ಯದ ಅಪ್‌ಲೋಡನ್ನೇ ಆದ್ದರಿಂದ, ಅಪ್‌ಲೋಡ್ ಯಾವುದರಲ್ಲಿ ಸಲೀಸೋ ಅದು ಮೇಲೇರಿತು. ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಲೆಕ್ಕ ಕ್ಯಾಮೆರಾ ತಯಾರಕರ ಸಂಘವಾದ ಸಿಪಾದ್ದು. ಜಗತ್ತಿನಾದ್ಯಂತ ಡಿಜಿಟಲ್ ಕ್ಯಾಮೆರಾಗಳ ರವಾನೆ 2010ರಲ್ಲಿ 12 ಕೋಟಿಗೂ ಹೆಚ್ಚಿತ್ತು, 2023ರಲ್ಲಿ ಅದು 80 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈ ಕುಸಿತದಲ್ಲಿ ಅತಿ ದೊಡ್ಡ ಪೆಟ್ಟು ಬಿದ್ದದ್ದು ಡಿಎಸ್‌ಎಲ್‌ಆರ್‌ಗಳಿಗಲ್ಲ, ಜೇಬಿನಲ್ಲಿ ಹಿಡಿಸುವ ಚಿಕ್ಕ ಕ್ಯಾಮೆರಾಗಳಿಗೆ. ಐಫೋನ್ 4 ಫ್ಲಿಕರ್‌ನ ಗ್ರಾಫಿನಲ್ಲಿ ದಾಟಿದ್ದು ಡಿ90ಯನ್ನಾದರೂ ಅಂಗಡಿಯ ಗಾಜಿನ ಕಪಾಟಿನಿಂದ ಹೊರಹಾಕಿದ್ದು ಪವರ್‌ಶಾಟ್, ಕೂಲ್‌ಪಿಕ್ಸ್, ಸೈಬರ್‌ಶಾಟ್‌ಗಳನ್ನು.

ಕೆಲವು ವರ್ಷ ಫ್ಲಿಕರ್ ತನ್ನದೇ ವಾರ್ಷಿಕ ಅವಲೋಕನವನ್ನು ಪ್ರಕಟಿಸುತ್ತಿತ್ತು. 2017ರದರ ಪ್ರಕಾರ ಆ ವರ್ಷ ಬಂದ ಚಿತ್ರಗಳಲ್ಲಿ ಅರ್ಧದಷ್ಟು ಸ್ಮಾರ್ಟ್‌ಫೋನಿನವು, ಸುಮಾರು ಮೂರನೆಯ ಒಂದು ಭಾಗ ಡಿಎಸ್‌ಎಲ್‌ಆರ್‌ಗಳವು, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳದ್ದು ಶೇ. 4 ಮಾತ್ರ. ಮಿರರ್‌ಲೆಸ್ ಪೀಳಿಗೆ 2008ರಲ್ಲಿ ಪ್ಯಾನಸೋನಿಕ್ ಜಿ1ನೊಂದಿಗೆ ಶುರುವಾಗಿದ್ದರೂ ಕ್ಯಾನನ್ ಮತ್ತು ನಿಕಾನ್ ತಮ್ಮ ಆರ್ ಮತ್ತು ಝಡ್ ಸರಣಿಗಳೊಂದಿಗೆ ಪೂರ್ಣ ಮನಸ್ಸಿನಿಂದ ಅತ್ತ ಹೊರಳಿದ್ದು 2018ರಲ್ಲಿ. ಅದೇ ವರ್ಷ ಬಂದ ಸೋನಿ ಎ7 III ಹವ್ಯಾಸಿ ಮತ್ತು ವೃತ್ತಿನಿರತರಿಬ್ಬರಿಗೂ ಮೆಚ್ಚಾಯಿತು. ಅಲ್ಲಿಂದ ಮುಂದೆ ಡಿಎಸ್‌ಎಲ್‌ಆರ್‌ನ ಜಾಗವನ್ನು ಮಿರರ್‌ಲೆಸ್ ಆಕ್ರಮಿಸುತ್ತ ಬಂದಿದೆ.

ಆ್ಯಪಲ್ ಪಟ್ಟಿಯ ಮೇಲ್ತುದಿಯಲ್ಲಿ ಗಟ್ಟಿಯಾಗಿ ಕೂರಲು ಇನ್ನೊಂದು ಕಾರಣವಿದೆ. ಇದು ಕ್ಯಾಮೆರಾದ ಗುಣಕ್ಕೆ ಏನೇನೂ ಸಂಬಂಧಿಸಿದ್ದಲ್ಲ, ಹೆಸರು ಬರೆಯುವ ಪದ್ಧತಿಗೆ ಸಂಬಂಧಿಸಿದ್ದು. ಐಫೋನ್ 12ನ್ನು ಅಮೆರಿಕದಲ್ಲಿ ಕೊಂಡರೂ, ಹುಬ್ಬಳ್ಳಿಯಲ್ಲಿ ಕೊಂಡರೂ ಚಿತ್ರದ ಒಳಗೆ ಅದು ಐಫೋನ್ 12 ಎಂದೇ ಬರೆದುಕೊಳ್ಳುತ್ತದೆ. ಸ್ಯಾಮ್‌ಸಂಗ್ ಹಲವು ವರ್ಷಗಳ ಕಾಲ ಹೀಗೆ ಮಾಡಲಿಲ್ಲ. ಗ್ಯಾಲಕ್ಸಿ ಎಸ್21 ಎಂಬ ಒಂದೇ ಫೋನು ಬಹುತೇಕ ದೇಶಗಳಲ್ಲಿ ಎಸ್‌ಎಂ-ಜಿ991ಬಿ, ಅಮೆರಿಕದಲ್ಲಿ ಎಸ್‌ಎಂ-ಜಿ991ಯು, ಕೊರಿಯದಲ್ಲಿ ಎಸ್‌ಎಂ-ಜಿ991ಎನ್ ಎಂಬ ಬೇರೆ ಬೇರೆ ಸಂಕೇತಗಳಲ್ಲಿ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಈ ಬಗೆಯ ಸಂಕೇತಗಳನ್ನು ಯಾರಾದರೂ ಕೂತು ಒಂದೇ ಹೆಸರಿನಡಿ ಸೇರಿಸದ ಹೊರತು ಒಂದೇ ಫೋನಿನ ಬಳಕೆದಾರರು ನಾಲ್ಕಾರು ಮಾದರಿಗಳ ಲೆಕ್ಕಕ್ಕೆ ಹಂಚಿಹೋಗುತ್ತಾರೆ. ಕ್ಯಾಮೆರಾ ಕಂಪನಿಗಳಲ್ಲೂ ಈ ರೋಗ ಹಳೆಯದು. 2005ರಲ್ಲಿ ಬಂದ ಕ್ಯಾನನ್‌ನ 8 ಮೆಗಾಪಿಕ್ಸೆಲ್ ಕ್ಯಾಮೆರಾ ಅಮೆರಿಕದಲ್ಲಿ ಡಿಜಿಟಲ್ ರೆಬೆಲ್ ಎಕ್ಸ್‌ಟಿ, ಜಪಾನಿನಲ್ಲಿ ಕಿಸ್ ಡಿಜಿಟಲ್ ಎನ್, ನಮ್ಮಲ್ಲಿ ಮತ್ತು ಯುರೋಪಿನಲ್ಲಿ 350ಡಿ. ಕ್ಯಾನನ್‌ನ ಚಿಕ್ಕ ಕ್ಯಾಮೆರಾಗಳಿಗಂತೂ ಇಕ್ಸಸ್, ಎಲ್ಫ್ ಎಂದು ಊರಿಗೊಂದು ಹೆಸರು. ಭಾರತದಲ್ಲಿ ಹಲವು ವರ್ಷ ಮಾರಾಟದಲ್ಲಿ ಮುಂದಿದ್ದ ಶಓಮಿಯ ರೆಡ್ಮಿ ಫೋನುಗಳು ಈ ಜಾಗತಿಕ ಪಟ್ಟಿಯಲ್ಲಿ ಮೇಲೆ ಕಾಣದಿರುವುದಕ್ಕೆ ಮಾದರಿಗಳ ಗೊಂದಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ: ರೆಡ್ಮಿ ಹಿಡಿದವರು ಚಿತ್ರ ಕಳಿಸುವುದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೇ ಹೊರತು ಫ್ಲಿಕರ್‌ಗಲ್ಲ. ಆದ್ದರಿಂದ ಈ ಪಟ್ಟಿಯನ್ನು ಹಿಡಿದು ಕರ್ನಾಟಕದ ಜನ ಯಾವ ಕ್ಯಾಮೆರಾ ಬಳಸುತ್ತಾರೆ ಎಂದು ಹೇಳಲು ಹೊರಡುವುದು ವ್ಯರ್ಥ.

ಫಿಲ್ಮ್ ಪ್ರಿಯರಿಗೆ ಇಲ್ಲಿ ಒಂದು ತಮಾಷೆ ಕಾದಿದೆ. ಫಿಲ್ಮ್ ಕ್ಯಾಮೆರಾ ಯಾವ ವಿವರವನ್ನೂ ಬರೆದಿಡುವುದಿಲ್ಲವಾದ್ದರಿಂದ, ರೀಲನ್ನು ಲ್ಯಾಬಿನಲ್ಲಿ ತೊಳೆಸಿ ಸ್ಕ್ಯಾನ್ ಮಾಡಿಸಿದಾಗ ಚಿತ್ರಕ್ಕೆ ಅಂಟಿಕೊಳ್ಳುವುದು ಸ್ಕ್ಯಾನರ್‌ನ ಹೆಸರು. ನೊರಿತ್ಸು ಕೋಕಿ ಕ್ಯೂಎಸ್‌ಎಸ್-32_33 ಎಂಬ ಹೆಸರು ಫ್ಲಿಕರ್‌ನ ಅಸಂಖ್ಯ ಚಿತ್ರಗಳ ಕೆಳಗೆ ಕ್ಯಾಮೆರಾದ ಜಾಗದಲ್ಲಿ ಕಾಣಿಸುತ್ತದೆ. ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ತಿರುಗಾಡುವುದು ಸಾಧ್ಯವಿಲ್ಲ. ಅದು ಲ್ಯಾಬಿನ ಮೂಲೆಯಲ್ಲಿ ಕೂತಿರುವ ದೊಡ್ಡ ಯಂತ್ರ. ಚಿತ್ರ ತೆಗೆದದ್ದು ಅಜ್ಜನ ಕಾಲದ ಯಾಶಿಕಾ ಆಗಿರಬಹುದು, ನಿಕಾನ್ ಎಫ್‌ಎಂ2 ಆಗಿರಬಹುದು, ಪಟ್ಟಿಗೆ ಅದು ಗೊತ್ತಾಗುವುದೇ ಇಲ್ಲ. ಫಿಲ್ಮ್ ಬಳಸುವವರು ಕ್ಯಾಮೆರಾದ ಹೆಸರನ್ನೂ ಫಿಲ್ಮಿನ ಹೆಸರನ್ನೂ ತಾವೇ ಟ್ಯಾಗ್ ಆಗಿ ಬರೆಯುವ ರೂಢಿ ಇರುವುದರಿಂದ ಅಂತಹ ಚಿತ್ರಗಳನ್ನು ಹುಡುಕುಪೆಟ್ಟಿಗೆಯಲ್ಲಿ ಹುಡುಕುವುದೇ ಸರಿ.

ಇಷ್ಟೆಲ್ಲ ಕೊರತೆಗಳಿದ್ದರೂ ಕ್ಯಾಮೆರಾ ಫೈಂಡರನ್ನು ನಾನು ಬಿಟ್ಟಿಲ್ಲದಿರುವುದಕ್ಕೆ ಕಾರಣ ಅದರ ಮಾದರಿ ಪುಟಗಳು, ಅಂದರೆ ಒಂದೊಂದು ಕ್ಯಾಮೆರಾ ಮಾದರಿಯಿಂದ ತೆಗೆದ ಚಿತ್ರಗಳನ್ನು ಒಂದೆಡೆ ತೋರಿಸುವ ಪುಟಗಳು. ಕ್ಯಾಮೆರಾ ಕಂಪನಿಯ ಜಾಹೀರಾತಿನಲ್ಲಿರುವ ಚಿತ್ರವನ್ನು ತೆಗೆದವರು ನುರಿತವರು, ಬೆಳಕು ಅವರು ಆರಿಸಿದ್ದು, ಲೆನ್ಸ್ ಅತ್ಯಂತ ದುಬಾರಿಯದ್ದು. ಮಾದರಿ ಪುಟದಲ್ಲಿ ಸಿಗುವುದು ಸಾಮಾನ್ಯ ಜನ ಸಾಮಾನ್ಯ ಬೆಳಕಿನಲ್ಲಿ, ಹಲವು ಬಾರಿ ಕ್ಯಾಮೆರಾದ ಜೊತೆಗೇ ಬಂದ ಕಿಟ್ ಲೆನ್ಸಿನಲ್ಲಿ ತೆಗೆದ ಚಿತ್ರಗಳು. ಮೊದಲು ಕಾಣುವ ಆಯ್ದ ಚಿತ್ರಗಳನ್ನು ದಾಟಿ ಕೆಳಗಿಳಿದಷ್ಟೂ ಸತ್ಯ ಹೆಚ್ಚು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಫ್ಲ್ಯಾಶ್ ಇಲ್ಲದೆ ಕಂಬಗಳ ಕೆತ್ತನೆಯನ್ನು ಸೆರೆಹಿಡಿಯಬೇಕೆನ್ನುವವರು, ಅಥವಾ ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿ ಗಿರಕಿ ಹೊಡೆಯುವುದನ್ನು ಮಸುಕಾಗದಂತೆ ಹಿಡಿಯಬೇಕೆನ್ನುವವರು ಮಾಡಬೇಕಾದ್ದು ಇಷ್ಟು: ತಾವು ಕೊಳ್ಳಬೇಕೆಂದಿರುವ ಮಾದರಿಯ ಹೆಸರಿನ ಜೊತೆಗೆ ವಿಷಯವನ್ನೂ ಸೇರಿಸಿ ಹುಡುಕಬೇಕು, ಸಿಕ್ಕ ಚಿತ್ರವನ್ನು ಲಭ್ಯವಿರುವ ಅತಿ ದೊಡ್ಡ ಗಾತ್ರದಲ್ಲಿ ತೆರೆಯಬೇಕು, ಕೆಳಗಿನ ಎಕ್ಸಿಫ್ ಸಾಲುಗಳನ್ನು ಓದಬೇಕು. ಐಎಸ್‌ಒ 3200 ಎಂದಿದ್ದರೆ ಕಂಬದ ನೆರಳಿನ ಭಾಗದಲ್ಲಿ ಕಾಳುಕಾಳಾಗಿ ಕಾಣುವ ಕಲೆ (ನಾಯ್ಸ್) ಎಷ್ಟಿದೆ, ಶಟರ್ 1/250 ಎಂದಿದ್ದರೆ ವೇಷಧಾರಿಯ ಗೆಜ್ಜೆ ಸ್ಪಷ್ಟವಾಗಿದೆಯೇ ಎಂಬುದನ್ನು ಸ್ವತಃ ಕಣ್ಣಿನಿಂದ ಅಳೆಯಬಹುದು. ಲ್ಯಾಬ್ ಪರೀಕ್ಷೆಯ ಅಂಕಗಳಿಂದ ಸಿಗದ ತಿಳಿವಳಿಕೆ ಇದರಿಂದ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದರ ಉಪಯೋಗ ಇನ್ನೂ ಹೆಚ್ಚು. ಜನ ಮಿರರ್‌ಲೆಸ್‌ಗೆ ಬದಲಾಯಿಸುತ್ತಿರುವುದರಿಂದ 2014ರ ನಿಕಾನ್ ಡಿ750, 2012ರ ಕ್ಯಾನನ್ 5ಡಿ ಮಾರ್ಕ್ III ಮುಂತಾದ ಒಳ್ಳೆಯ ಬಾಡಿಗಳು (ಲೆನ್ಸ್ ಹೊರತಾದ ಕ್ಯಾಮೆರಾಗಳು) ಹೊಸದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತಿವೆ, ಆದರೆ ಅವುಗಳ ಬಗ್ಗೆ ಹೊಸ ವಿಮರ್ಶೆಗಳನ್ನು ಯಾರೂ ಬರೆಯುತ್ತಿಲ್ಲ. ಅಂತಹ ಮಾದರಿಗಳಿಂದ ತೆಗೆದ ವರ್ಷಾನುವರ್ಷಗಳ ಚಿತ್ರಗಳು ಫ್ಲಿಕರ್‌ನಲ್ಲಿ ರಾಶಿಬಿದ್ದಿವೆ. ಹಕ್ಕಿ ವೀಕ್ಷಕರ ವಿಷಯವೂ ಹೀಗೆಯೇ. 2015ರಲ್ಲಿ ಬಂದ ನಿಕಾನ್ ಪಿ900, 83 ಪಟ್ಟು ಝೂಮ್ ಉಳ್ಳ ಬ್ರಿಜ್ ಕ್ಯಾಮೆರಾ, ಅಂದರೆ ಲೆನ್ಸ್ ಬದಲಾಯಿಸಲಾಗದ, ಆದರೆ ದೂರದ್ದನ್ನು ಹತ್ತಿರ ತರುವ ಕ್ಯಾಮೆರಾ. ದೊಡ್ಡ ಲೆನ್ಸ್ ಹೊರಲಾರದವರು, ಅದಕ್ಕೆ ಲಕ್ಷಗಟ್ಟಲೆ ಸುರಿಯಲಾರದವರು ರಂಗನತಿಟ್ಟಿನಲ್ಲೂ ಮಂಡಗದ್ದೆಯಲ್ಲೂ ಇದನ್ನು ಹಿಡಿದು ನಿಂತಿರುತ್ತಾರೆ. ಅದರ ಚಿತ್ರಗಳನ್ನು ಒಂದಷ್ಟು ಹೊತ್ತು ನೋಡಿದರೆ ಅದರ ಗುಣವೂ ದೋಷವೂ ಒಟ್ಟಿಗೆ ತಿಳಿಯುತ್ತವೆ: ಹೊಳೆಯ ಆಚೆ ಬಂಡೆಯ ಮೇಲೆ ಕೂತ ಕೊಕ್ಕರೆಯನ್ನು ಬೆಳಗಿನ ಬಿಸಿಲಿನಲ್ಲಿ ಅದು ಚೌಕಟ್ಟಿನ ತುಂಬ ತಂದು ಕೊಡುತ್ತದೆ, ಮೋಡ ಕವಿದ ಸಂಜೆಯಲ್ಲಿ ಅದೇ ಕೊಕ್ಕರೆಯ ಗರಿಗಳನ್ನು ಒಂದೇ ಬೂದು ತೇಪೆಯಾಗಿಸುತ್ತದೆ.

ತಾಣದ ಮೇಲಿನ ನನ್ನ ತಕರಾರುಗಳಲ್ಲಿ ಕೆಲವು ಇನ್ನೂ ಬಾಕಿಯಿವೆ. 2013ರಲ್ಲಿ ಒಂದು ಟೆರಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿದ್ದ ಫ್ಲಿಕರ್, ಮಾಲೀಕತ್ವ ಬದಲಾದ ಮೇಲೆ 2019ರಿಂದ ಉಚಿತ ಖಾತೆಯನ್ನು 1,000 ಚಿತ್ರಗಳಿಗೆ ಸೀಮಿತಗೊಳಿಸಿತು. 2022ರಿಂದ ಉಚಿತ ಖಾತೆಯಲ್ಲಿ ಸಾರ್ವಜನಿಕವಲ್ಲದ ಚಿತ್ರಗಳಿಗೆ 50ರ ಮಿತಿ ಬಂತು. ವ್ಯವಹಾರ ನಡೆಯಬೇಕಾದರೆ ಇದು ಅನಿವಾರ್ಯವಿರಬಹುದು, ಆದರೆ ಇದರಿಂದ ಉಳಿದುಕೊಳ್ಳುವವರು ಹೆಚ್ಚಾಗಿ ದುಡ್ಡು ಕೊಡುವ ಗಂಭೀರ ಹವ್ಯಾಸಿಗಳೇ ಆಗುತ್ತಾರೆ. ಪಟ್ಟಿಯೂ ಅವರ ಅಭಿರುಚಿಯ ಕಡೆಗೆ ವಾಲುತ್ತದೆ. ಇನ್ನೊಂದು ಎಚ್ಚರಿಕೆಯ ಮಾತು. ಫೋನುಗಳು ಎಕ್ಸಿಫ್‌ನಲ್ಲಿ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಬರೆಯಬಲ್ಲವು. ಮನೆಯ ಅಂಗಳದ ಚಿತ್ರಕ್ಕೆ, ಮರಿಗಳಿರುವ ಗೂಬೆಯ ಗೂಡಿನ ಚಿತ್ರಕ್ಕೆ ಈ ವಿವರ ಅಂಟಿಕೊಂಡು ಹೋಗುವುದು ಒಳ್ಳೆಯದಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಕೊಂಡರೆ ಸಾಕು. ಫ್ಲಿಕರ್‌ನಲ್ಲಿಯೂ ಎಕ್ಸಿಫ್ ಮರೆಮಾಡುವ ಆಯ್ಕೆಯಿದೆ, ಆದರೆ ಅದನ್ನು ಒತ್ತಿದರೆ ನಿಮ್ಮ ಚಿತ್ರದಿಂದ ಕಲಿಯಲು ಬಂದವರಿಗೆ ಕ್ಯಾಮೆರಾದ ಹೆಸರೂ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಲೆನ್ಸುಗಳ ಪಟ್ಟಿ ಇಲ್ಲದಿರುವುದು. ಕಬಿನಿಯಲ್ಲಿ ಚಿರತೆಯ ಚಿತ್ರ ತೆಗೆಯುವವರಿಗೆ ಬಾಡಿ ಯಾವುದೆಂಬುದಕ್ಕಿಂತ ಅದರ ಮುಂದೆ ಇರುವುದು 150-600 ಝೂಮೋ, ಝೂಮ್ ಇಲ್ಲದ 500 ಎಂಎಂ ಪ್ರೈಮೋ ಎಂಬುದೇ ಮುಖ್ಯ. ಲೆನ್ಸಿನ ಹೆಸರು ಬರೆಯಲು ಎಕ್ಸಿಫ್‌ನಲ್ಲಿ ಪ್ರತ್ಯೇಕ ಜಾಗ ಸಿಕ್ಕಿದ್ದು 2010ರ 2.3ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಒಂದೊಂದು ಕಂಪನಿ ತನ್ನದೇ ಗುಪ್ತಲಿಪಿಯಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದುದರಿಂದ ಹಳೆಯ ಚಿತ್ರಗಳನ್ನು ಲೆನ್ಸುವಾರು ವಿಂಗಡಿಸುವುದು ಸುಲಭವಲ್ಲ. ಆದರೆ ಅನಂತರದ ಕ್ಯಾಮೆರಾಗಳ ಚಿತ್ರಗಳಲ್ಲಿ ಈ ಹೆಸರು ಸಾಮಾನ್ಯವಾಗಿ ಇದ್ದೇ ಇದೆ, ಚಿತ್ರದ ಕೆಳಗೆ ಕಾಣಿಸುತ್ತಲೂ ಇದೆ. ಅದನ್ನೇ ಎಣಿಸಿ ಲೆನ್ಸಿಗೊಂದು ಪುಟ ಮಾಡಲು ಫ್ಲಿಕರ್ ಮನಸ್ಸು ಮಾಡಿದರೆ ಕ್ಯಾಮೆರಾಗಳ ಗ್ರಾಫನ್ನು ಅವರು ತೆಗೆದೇ ಹಾಕಿದರೂ ನನ್ನ ಅಡ್ಡಿಯಿಲ್ಲ.